ಹಿಂದುಮುಂದಾದ ತೊಗಲು

ಗೊತ್ತಿಲ್ಲದ್ದನ್ನು ಗೊತ್ತಿರುವವನ ಹಾಗೆ ಹೇಳುವುದರಲ್ಲಿ ನನಗಿರುವ ಪರಿಣತಿ ರಸಾಯನಶಾಸ್ತ್ರದಲ್ಲೂ ಇಲ್ಲ. ಚಿತ್ರದುರ್ಗದಲ್ಲಿ ಅದನ್ನೇ ಪಾಠ ಮಾಡಿ ಸಂಬಳ ತೆಗೆದುಕೊಳ್ಳುತ್ತಿದ್ದೆ ಅನ್ನುವುದು ಬೇರೆ ಮಾತು. ಎಪ್ಪತ್ತರ ದಶಕದ ಕೊನೆಯಲ್ಲಿ ಒಮ್ಮೆ ಸಿರಿಗೆರೆಯ ವಿದ್ಯಾರ್ಥಿಗಳಿಗೆ ಮಾರ್ಫಿನ್ ಬಗ್ಗೆ ಉಪನ್ಯಾಸ ಕೊಡಲು ಒಪ್ಪಿಕೊಂಡುಬಿಟ್ಟೆ. ನೋವು ಮರೆಸುವ ಈ ಮದ್ದು ಬಂದು ಕೂರಲು ಮಿದುಳಿನ ಜೀವಕೋಶಗಳ ಮೇಲೆ ಅದರ ಅಳತೆಯವೇ ಗೂಡುಗಳಿವೆಯಂತೆ. ಅವೇ ಪರಮಾಣುಗಳನ್ನು ಕನ್ನಡಿಯಲ್ಲಿ ಕಂಡಂತೆ ಎಡಬಲ ಮಾಡಿ ಜೋಡಿಸಿದರೆ ಮಾತ್ರ ಗೂಡು ಒಳಗೆ ಬಿಟ್ಟುಕೊಳ್ಳುವುದಿಲ್ಲವಂತೆ. ಯಾಕೆ? ಅಷ್ಟಕ್ಕೂ ಈ ಮದ್ದು ಸಿಗುವ ಗಸಗಸೆ ಗಿಡದ ಹಾಲಿಗೆ ನಮ್ಮ ತಲೆಯೊಳಗೆ ಜಾಗ ಕಾದಿರಿಸಿದವರು ಯಾರು? ಮೂರು ದಿನ ಓದಿದರೂ ತಲೆಗೆ ಹತ್ತಲಿಲ್ಲ. ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಹೆಂಡತಿಯ ತವರು ಆದಿವಾಲಕ್ಕೆ ಹೋದೆ.

ಅಲ್ಲಿ ಪಕ್ಕದ ಮನೆಯ ಕರಿಯಜ್ಜನ ಕುರಿರೊಪ್ಪದಲ್ಲಿ ಬೇರೆಯದೇ ಫಜೀತಿ. ಒಂದು ಕುರಿಯ ಮರಿ ಸತ್ತಿತ್ತು. ಇನ್ನೊಂದು ಮರಿಯ ತಾಯಿ ಸತ್ತಿತ್ತು. ಆ ತಬ್ಬಲಿ ಹಸಿವಿಗೆ ಗಡಗಡ ನಡುಗುತ್ತಿತ್ತು. ಹಾಲಿದ್ದ ಕುರಿಯೋ, ಹತ್ತಿರ ಬಂದರೆ ಗುಮ್ಮುತ್ತಿತ್ತು. ಅಜ್ಜ ಸತ್ತ ಮರಿಯ ತೊಗಲು ಸುಲಿದು ನನ್ನ ಕೈಗೆ ಕೊಟ್ಟ.

"ಇದನ್ನ ತಬ್ಬಲಿಗೆ ಹೊದಿಸಿ ಕಟ್ರಿ ಮೇಷ್ಟ್ರೇ. ವಾಸನಿ ಹಿಡ್ದು ತನ್ನ ಮರಿನೇ ಅಂತ ಕುರಿ ಹಾಲು ಬಿಡ್ತೈತೆ. ಸಂಜಿ ಒಳಗೆ ಹಾಲು ಕುಡೀದಿದ್ರೆ ಇದು ಉಳಿಯಲ್ಲ."

ಎಂ.ಎಸ್ಸಿ. ಓದಿದ ಕೈಯಿಂದ ಅಚ್ಚುಕಟ್ಟಾಗಿ ಕಟ್ಟಿದೆ. ಕುರಿ ಬಂತು, ಮೂಸಿತು, ಮರಿಯನ್ನು ಗುಮ್ಮಿ ಉರುಳಿಸಿತು. ಅಜ್ಜ ಬಗ್ಗಿ ನೋಡಿ ನಕ್ಕುಬಿಟ್ಟ.

"ಬಾಲದ ಕಡೇದನ್ನ ಒಯ್ದು ಕುತ್ತಿಗಿಗೆ ಕಟ್ಟೀರಲ್ರೀ! ಕುರಿ ಮೂಸೋದು ಬಾಲದ ಬುಡ. ತೊಗಲು ಅದೇ ಐತೆ, ಇರಬೇಕಾದ ಕಡೆ ಇಲ್ಲ."

ಬಿಚ್ಚಿ, ತಿರುಗಿಸಿ, ಮತ್ತೆ ಕಟ್ಟಿದ. ಕುರಿ ಇನ್ನೊಮ್ಮೆ ಮೂಸಿತು. ಸುಮ್ಮನೆ ನಿಂತಿತು. ಮರಿ ಕೆಚ್ಚಲಿಗೆ ಬಾಯಿ ಹಾಕಿ ಬಾಲ ಅಲ್ಲಾಡಿಸತೊಡಗಿತು. ನಾನು ಹಿಕ್ಕೆಯ ಮೇಲೆಯೇ ಕುಕ್ಕರಿಸಿದೆ. ಗೂಡು ಇರುವುದು ಗಸಗಸೆಗಲ್ಲ! ನೋವು ತಣಿಸಲು ಮೈ ತಾನೇ ಹೆತ್ತ ವಸ್ತುವಿಗೆ. ಮಾರ್ಫಿನ್ ಅದರ ತೊಗಲು ಹೊದ್ದು ಬರುವ ತಬ್ಬಲಿ, ಅಷ್ಟೇ. ತೊಗಲು ಹಿಂದುಮುಂದಾದರೂ, ಪರಮಾಣು ಎಡಬಲವಾದರೂ ಪ್ರವೇಶವಿಲ್ಲ. ಕಣ್ಣಿಗೆ ಕಾಣದ ಒಂದು ಗೂಡಿಗೆ ಇಷ್ಟು ಖಚಿತವಾದ ಗುರುತೇ, ಮೋಸ ಹೋಗುವುದರಲ್ಲೂ ಇಷ್ಟು ಕಟ್ಟುನಿಟ್ಟೇ! ಪುಸ್ತಕದಲ್ಲಿ ಮೂರು ದಿನ ಹುಡುಕಿದ್ದು ನನ್ನೆದುರು ಚಪ್ಪರಿಸುತ್ತಾ ಹಾಲು ಕುಡಿಯುತ್ತಿತ್ತು.

ಸಿರಿಗೆರೆಯಲ್ಲಿ ಇದನ್ನೇ ಹೇಳಿದೆ. ಚಪ್ಪಾಳೆಯೋ ಚಪ್ಪಾಳೆ. ಹಿರಿಯ ಅಧ್ಯಾಪಕರೊಬ್ಬರು ಕೈ ಹಿಡಿದುಕೊಂಡು, "ಎಂಥ ಸ್ವಂತ ಚಿಂತನೆರೀ ನಿಮ್ದು!" ಎಂದರು. ನಾನು ವಿನಯದಿಂದ ತಲೆ ಬಾಗಿಸಿದೆ. ಕರಿಯಜ್ಜನ ಹೆಸರು ಬಾಯಿಗೆ ಬರಲಿಲ್ಲ. ಅಜ್ಜನ ತೊಗಲು ಹೊದ್ದು ನಿಂತವನನ್ನು ಸಭೆ ಮೂಸಿ, ತನ್ನವನೇ ಎಂದು ಒಪ್ಪಿಕೊಂಡಿತ್ತು. ಈ ಸಲ ಮಾತ್ರ ನಾನು ಬಾಲವನ್ನು ಸರಿಯಾದ ಕಡೆಗೇ ಕಟ್ಟಿಕೊಂಡಿದ್ದೆ.