ನಮ್ಮತ್ತೆಯ ಉತ್ಪಾದನಾ ವಲಯ

ದೇಶದ ಆರ್ಥಿಕತೆಯನ್ನು ದೆಹಲಿಯಲ್ಲಿ ಕೂತವರು ನಡೆಸುತ್ತಾರೆ ಎಂದು ನೀವು ನಂಬಿದ್ದರೆ ದಯವಿಟ್ಟು ಒಮ್ಮೆ ತರೀಕೆರೆಗೆ ಬನ್ನಿ. ಅದು ನಡೆಯುತ್ತಿರುವುದು ನಮ್ಮ ಸೋದರತ್ತೆಯ ಶೆಡ್ಡಿನಲ್ಲಿ! ತಗಡಿನ ಚಾವಣಿಯ ಕೆಳಗೆ, ಅಡಿಕೆ ಹಾಳೆಯನ್ನು ಬಿಸಿ ಅಚ್ಚಿಗೆ ಒತ್ತಿ ಊಟದ ತಟ್ಟೆ ಮಾಡುವ ಮಿಷನ್ ಮುಂದೆ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನಿಂತಿರುತ್ತಾರಲ್ಲ, ಅವರೇ. ಅವರು ಒಂದು ದಿನ ಕೆಲಸ ಬಿಟ್ಟರೆ ದೇಶ ಕುಸಿಯುತ್ತದೆ. ಇದು ನನ್ನ ಅಭಿಪ್ರಾಯವಲ್ಲ, ಅವರದೇ.

ಇದಕ್ಕೆಲ್ಲ ಕಾರಣ ಒಬ್ಬ ಅಧಿಕಾರಿ. ಮಾವ ತೀರಿಕೊಂಡಾಗ ಮಗಳು ಮಂಜುಳಾ ಇನ್ನೂ ಅಂಗನವಾಡಿಗೆ ಹೋಗುತ್ತಿದ್ದಳು. ಹೊಟ್ಟೆಪಾಡಿಗೆಂದು ಅತ್ತೆ ಕಡೂರಿನಲ್ಲಿ ನಡೆದ ಸ್ವಉದ್ಯೋಗ ತರಬೇತಿಗೆ ಸೇರಿದರು. ಅಲ್ಲಿ ಆ ಮಹಾನುಭಾವರು ಬೆಳಗಿನ ಭಾಷಣದಲ್ಲಿ, "ನಮ್ಮಂಥ ದೇಶ ಮೇಲೆ ಬರಬೇಕಾದರೆ ಉತ್ಪಾದನಾ ವಲಯ ಬೆಳೆಯಬೇಕು, ಸೇವಾ ವಲಯವೊಂದನ್ನೇ ನಂಬಿ ಕೂರಬಾರದು" ಎಂದರಂತೆ. ಊಟವಾದ ಮೇಲೆ ಅವರೇ, "ಆದರೆ ಎರಡೂ ಒಟ್ಟಿಗೆ ಸಾಗಬೇಕು" ಎಂದೂ ಹೇಳಿದರಂತೆ. ಏನು ಪ್ರಯೋಜನ? ಅಷ್ಟು ಹೊತ್ತಿಗೆ ನಮ್ಮತ್ತೆ ತರೀಕೆರೆ ಬಸ್ಸು ಹತ್ತಿಯಾಗಿತ್ತು! ಅಂದಿನಿಂದ ಇಂದಿನವರೆಗೆ ಅವರ ಬಳಿ ಇರುವುದು ಬೆಳಗಿನ ಅರ್ಧ ಭಾಷಣ ಮಾತ್ರ.

ಆ ಅರ್ಧದಲ್ಲೇ ಅವರು ಜಗತ್ತನ್ನು ಎರಡು ಭಾಗ ಮಾಡಿದರು. ಏನಾದರೊಂದು ಮಾಡಿ ತೋರಿಸುವವರು ಒಂದು ಕಡೆ, ಉಳಿದ ನಾವೆಲ್ಲ ಇನ್ನೊಂದು ಕಡೆ. ನಾನು ಕಡೂರಿನಲ್ಲಿ ವಿಮೆ ಆಫೀಸಿನ ನೌಕರ. ಭಾನುವಾರ ಹೋದರೆ ಕಾಫಿಗೆ ಮೊದಲು ಪರೀಕ್ಷೆ.

"ಏನ್ ಮಾಡ್ದೆಯೋ ಈ ವಾರ?"

"ಪಾಲಿಸಿ ಮಾಡ್ಸಿದೆ ಅತ್ತೆ."

"ಎಲ್ಲಿ, ತೋರ್ಸು."

ಬ್ಯಾಗಿನಿಂದ ಒಂದನ್ನು ತೆಗೆದು ಕೊಟ್ಟೆ. ಹಿಂದೆ ಮುಂದೆ ತಿರುಗಿಸಿ ನೋಡಿದರು. "ಇದು ಪೇಪರ್ ಮಿಲ್‌ನೋರು ಮಾಡಿರೋದು. ನೀನೇನ್ ಮಾಡ್ದೆ?"

ನನ್ನದು ಹಾಗಿರಲಿ, ಕಟಿಂಗ್ ಶಾಪಿನ ಕುಮಾರಣ್ಣನ ಪಾಡು ಕೇಳಿ. ಪಾಪ, ತಟ್ಟೆ ಕೊಳ್ಳಲು ಬಂದು ಸಿಕ್ಕಿಬಿದ್ದ. ಆದರೂ ಧೈರ್ಯಸ್ಥ. ಆಗಷ್ಟೇ ತಾನು ಕಟಿಂಗ್ ಮಾಡಿದ್ದ ನನ್ನ ತಲೆಯನ್ನೇ ತೋರಿಸಿ, "ನೋಡ್ರಮ್ಮ, ಇದು ನನ್ ಕೆಲ್ಸ!" ಎಂದ. ಅತ್ತೆ ಕಣ್ಣು ಕಿರಿದು ಮಾಡಿ, "ಆ ತಲೆ ಇವರಮ್ಮ ಮಾಡಿದ್ದು ಕಣಪ್ಪ" ಎಂದರು. ಇನ್ನೊಮ್ಮೆ ನೋಡಿ, "ಅದೂ ಏನ್ ಅಷ್ಟು ಚೆನ್ನಾಗ್ ಮಾಡಿಲ್ಲ" ಎಂದು ಸೇರಿಸಿದರು. ನಾದಿನಿ ಅತ್ತಿಗೆಯರ ಹಳೆಯ ಲೆಕ್ಕದಲ್ಲಿ ನನ್ನ ತಲೆ ಹೋಯಿತು!

ಪ್ರಾಣಿಗಳಿಗೂ ವಿನಾಯಿತಿ ಇಲ್ಲ. ಮನೆಯ ನಾಯಿ ಸೇವಾ ವಲಯ, ಆದ್ದರಿಂದ ಅದಕ್ಕೆ ಉಳಿದ ಅನ್ನ. ಒಮ್ಮೆ ದನ ಮೇಯುವ ಎಮ್ಮೆದೊಡ್ಡಿ ಕಾವಲಿನ ದಾರಿಯಲ್ಲಿ ಅಮೃತಮಹಲ್ ದನಗಳ ಮಂದೆ ಎದುರಾದಾಗ ಅತ್ತೆ ಬೈಕಿನ ಹಿಂದೆ ಕೂತಲ್ಲೇ ಕೈ ಮುಗಿದರು. ಗೋಭಕ್ತಿ ಎಂದುಕೊಂಡೆ. "ಹುಲ್ಲು ಹಾಕಿದ್ರೆ ಕರು, ಹಾಲು, ಗೊಬ್ಬರ! ಒಂದೇ ಮಿಷನ್ನಲ್ಲಿ ಮೂರು ಐಟಂ ಕಣೋ!" ಎಂದು ನಿಟ್ಟುಸಿರು ಬಿಟ್ಟರು.

ಹೋಟೆಲಿಗಂತೂ ಅವರನ್ನು ಕರೆದುಕೊಂಡು ಹೋಗಲೇಬಾರದು. ಇಡ್ಲಿ ಬೇಯುವ ತನಕ ಉತ್ಪಾದನೆ, ಸಪ್ಲೈಯರ್ ಕೈಗೆ ಬಂದರೆ ಸರ್ವಿಸ್! ಕಡೂರಿನ ಹೋಟೆಲೊಂದರಲ್ಲಿ ಟೇಬಲ್ ಬಿಟ್ಟೆದ್ದು ನೇರ ಅಡುಗೆಮನೆಗೆ ನುಗ್ಗಿ, ಇಡ್ಲಿ ಪಾತ್ರೆಯ ಪಕ್ಕ ನಿಂತೇ ತಿಂದರು. ಮಾಲೀಕರು ಗಾಬರಿಯಾಗಿ, "ಆಹಾರ ಇಲಾಖೆಯವರಾ?" ಎಂದು ನನ್ನ ಕಿವಿಯಲ್ಲಿ ಕೇಳಿದರು. ನಾನು ಇಲ್ಲ ಎನ್ನುವಷ್ಟರಲ್ಲಿ ಅತ್ತೆಯ ತಟ್ಟೆಗೆ ತುಪ್ಪ ಬಿದ್ದಿತ್ತು.

ಇಂಥ ತಾಯಿಗೆ ಮಗಳು ಏನು ಓದಬೇಕು ಹೇಳಿ? ಮಂಜುಳಾ ಶಿವಮೊಗ್ಗಕ್ಕೆ ಹೋಗಿ ಬ್ಯೂಟಿ ಪಾರ್ಲರ್ ಕೋರ್ಸು ಮುಗಿಸಿ ಬಂದಳು! ಅವಳು ಕೇಳಿದ್ದು ಒಂದೇ, ಶೆಡ್ಡಿಗೆ ಅಂಟಿಕೊಂಡಂತೆ ಬೀದಿಯ ಕಡೆಗಿರುವ ಕೋಣೆ. ಅದರ ತುಂಬ ಹಾಳೆಯ ಕಟ್ಟುಗಳು. ಅದು ಸಿಕ್ಕರೆ ಸ್ವಂತ ಪಾರ್ಲರ್, ಸಿಗದಿದ್ದರೆ ಶಿವಮೊಗ್ಗದಲ್ಲಿ ಇನ್ನೊಬ್ಬರ ಕೈಕೆಳಗೆ ದುಡಿಮೆ. ಅಲ್ಲಿಯವರು ಬೇಗ ತಿಳಿಸು ಎಂದು ಫೋನಿನ ಮೇಲೆ ಫೋನು ಮಾಡುತ್ತಿದ್ದರು.

"ಸರ್ವಿಸ್‌ಗೆ ನನ್ ಜಾಗ ಕೊಡಲ್ಲ" ಎಂದರು ಅತ್ತೆ.

ಅಜ್ಜಂಪುರದಲ್ಲಿ ನೆಂಟರ ಮದುವೆಗೆ ಮಂಜುಳಾ ಹೆಣ್ಣಿಗೆ ಅಲಂಕಾರ ಮಾಡಿದಳು. ಛತ್ರಕ್ಕೆ ಛತ್ರವೇ ಹೊಗಳಿತು. ಈಗಲಾದರೂ ಕರಗುತ್ತಾರೆಂದು ನಾನು ಅತ್ತೆಯ ಮುಖ ನೋಡಿದೆ.

"ಮುಖ ತೊಳ್ಕೊಂಡ್ರೆ ಹೋಗೋದೂ ಒಂದ್ ಕೆಲ್ಸಾನೇನೇ?" ಎಂದರು.

"ನಿನ್ ತಟ್ಟೆನೂ ಊಟ ಆದ್ಮೇಲೆ ತಿಪ್ಪೆಗೇ ಹೋಗೋದಲ್ವೇನಮ್ಮ?" ಎಂದಳು ಮಂಜುಳಾ.

ಅಜ್ಜಂಪುರದಿಂದ ತರೀಕೆರೆವರೆಗೆ ಬಸ್ಸಿನಲ್ಲಿ ಇಬ್ಬರೂ ಮುಖ ತಿರುಗಿಸಿಕೊಂಡೇ ಕೂತರು. ನಡುವೆ ಕೂತ ನನ್ನ ಕಷ್ಟ ಯಾರಿಗೂ ಬೇಡ.

ಅದಾದ ಮೇಲೆ ಮಂಜುಳಾ ಬಟ್ಟೆ ಜೋಡಿಸಿಕೊಳ್ಳತೊಡಗಿದಳು. ಸೋಮವಾರ ಹೊರಡುವುದೆಂದು ತೀರ್ಮಾನವಾಯಿತು. ಬೇಡ ಎನ್ನಲು ಅತ್ತೆಗೆ ಬಾಯಿ ಬರಲಿಲ್ಲ, ಹೋಗು ಎನ್ನಲೂ ಬರಲಿಲ್ಲ. ಮಿಷನ್ ಮೇಲೆ ಸಿಟ್ಟು ತೀರಿಸಿಕೊಂಡರೋ ಏನೋ, ಅದು ಕಿರುಗುಟ್ಟಲು ಶುರುಮಾಡಿತು. ಭಾನುವಾರ ಮೆಕ್ಯಾನಿಕ್ ಬಂದು ಅದನ್ನು ಪೂರ್ತಿ ಬಿಚ್ಚಿ ಹರಡಿದ.

ನಾನು ಬಿಡುತ್ತೇನೆಯೇ? "ಅತ್ತೆ, ಸೇವಾ ವಲಯ ಶೆಡ್ಡಿಗೇ ಬಂದ್ಬಿಡ್ತಲ್ಲ!" ಎಂದೆ.

"ಲೇ, ಮಿಷನ್ ಅಂದ್ಮೇಲೆ ಸರ್ವಿಸ್ ಬೇಡ್ವೇನೋ? ಎಣ್ಣೆ ಕಾಣ್ದೆ ಎಷ್ಟ್ ದಿನ ಓಡುತ್ತೆ ಅದು?" ಎಂದು ರೇಗಿದರು.

ಮಂಜುಳಾ ಒಳಗಿನಿಂದ ಬಂದಳು. ಒಂದು ಕೈಯಲ್ಲಿ ಬಿಸಿನೀರಿನ ಬೋಗುಣಿ, ಇನ್ನೊಂದರಲ್ಲಿ ಕೊಬ್ಬರಿ ಎಣ್ಣೆ. "ಮಿಷನ್‌ಗಾಯ್ತು. ಅದನ್ನ ನಡೆಸೋರಿಗೆ ಬೇಡ್ವಾ? ಕೂತ್ಕೋಮ್ಮ, ಕೈ ಕೊಡು."

"ಥೂ, ಹೋಗೇ! ಕೆಲ್ಸ ಇದೆ."

"ಏನ್ ಕೆಲ್ಸ? ಮಿಷನ್ ನಿಂತಿದೆಯಲ್ಲ."

ಅತ್ತೆ ಬಿಚ್ಚಿ ಹರಡಿದ ಮಿಷನ್ ಕಡೆ ಒಮ್ಮೆ ನೋಡಿ, ಸೊಂಟಕ್ಕೆ ಸಿಕ್ಕಿಸಿದ್ದ ಸೆರಗನ್ನು ಬಿಚ್ಚಿದರು. ಬೀದಿ ಕೋಣೆಯಲ್ಲಿ, ಹಾಳೆ ಕಟ್ಟುಗಳ ನಡುವೆ ಒಂದು ಸ್ಟೂಲಿನ ಮೇಲೆ ಕೂತರು. ಮಗಳು ಕೆಳಗೆ ಕೂತು ಆ ಕೈಗಳನ್ನು ಬಿಸಿನೀರಿನಲ್ಲಿ ಇಳಿಸಿದಳು. ಬಿಸಿ ಅಚ್ಚು ತಾಗಿ ಆದ ಕಪ್ಪು ಕಲೆಗಳು, ಹಾಳೆ ನೆನೆಸುವ ನೀರಿನಲ್ಲಿ ಒಡೆದ ಬೆರಳ ಸಂದುಗಳು. ಇಷ್ಟು ವರ್ಷ ಆ ಮನೆಗೆ ಹೋಗಿಬರುತ್ತಿದ್ದರೂ ನಾನು ಅವನ್ನು ಸರಿಯಾಗಿ ನೋಡಿದ್ದು ಅವತ್ತೇ. ಮಂಜುಳಾ ಒರೆಸಿ, ಎಣ್ಣೆ ಹಚ್ಚಿ, ಒಂದೊಂದೇ ಬೆರಳನ್ನು ಮೆಲ್ಲಗೆ ತಿಕ್ಕತೊಡಗಿದಳು. ಅತ್ತೆ ಕಣ್ಣು ಮುಚ್ಚಿದರು.

"ಅಮ್ಮಾ, ರೆಡಿ ಆಯ್ತು, ಆನ್ ಮಾಡ್ಲಾ?" ಎಂದು ಮೆಕ್ಯಾನಿಕ್ ಶೆಡ್ಡಿನಿಂದ ಕೂಗಿದ.

"ಇರಪ್ಪಾ, ಇನ್ನೊಂದು ಕೈ ಆಗ್ಬೇಕು" ಎಂದರು ಅತ್ತೆ. ನಾನು ಬಾಯಿ ತೆರೆಯುವ ಮೊದಲೇ ನನಗೂ ಅಪ್ಪಣೆಯಾಯಿತು. "ಲೇ, ನಿಂತ್ಕೊಂಡು ಹಲ್ಲು ಕಿರೀಬೇಡ. ಈ ಕಟ್ಟುಗಳನ್ನೆಲ್ಲ ಹಿಂದಕ್ಕೆ ಸಾಗ್ಸು. ನಾಳೆ ಬರೋ ಹೆಂಗಸ್ರು ಎಲ್ಲಿ ಕೂತ್ಕೋತಾರೆ?"

ಮಂಜುಳಾ ಸಟ್ಟನೆ ತಲೆಯೆತ್ತಿದಳು. ನಾನು ಸಂತೋಷಕ್ಕೆ ಎರಡು ಕಟ್ಟು ಒಟ್ಟಿಗೆ ಎತ್ತಿ ಹೆಗಲಿಗೇರಿಸಿ ಬಾಗಿಲು ದಾಟುತ್ತಿದ್ದೆ. ಆಗ ಹಿಂದಿನಿಂದ ಅತ್ತೆಯ ದನಿ ಕೇಳಿಸಿತು. ನನಗೆ ಪರಿಚಯವೇ ಇಲ್ಲದ, ತೀರ ಸಣ್ಣ ದನಿ.

"ನಿಮ್ಮಪ್ಪ ಹೋದ್ಮೇಲೆ ಈ ಕೈನ ಯಾರೂ ಹಿಡ್ಕೊಂಡಿರ್ಲಿಲ್ಲ ಕಣೇ."