ಕೆಂಪಣ್ಣನೂ ಕೆಂಡದ ಆಲೂಗೆಡ್ಡೆಯೂ

"ಈ ಭಾನುವಾರ ನೀವು ಒಲೆ ಮುಟ್ಟಿದರೆ ನನ್ನಾಣೆ! ಅಡುಗೆ ನನ್ನದು. ಅದೂ ಬಯಲಲ್ಲಿ, ಟೆಂಟಿನ ಮುಂದೆ, ಕಟ್ಟಿಗೆ ಬೆಂಕಿಯಲ್ಲಿ!"

ನಾನು ಹೀಗೆ ಘೋಷಿಸಿದ ತಕ್ಷಣ ನಮ್ಮ ಯಜಮಾನರ ಕೈಯಲ್ಲಿದ್ದ ಸೌಟು ಪಾತ್ರೆಯೊಳಗೆ ಬಿತ್ತು. ಬೀಳದೆ ಏನು? ಮದುವೆಯಾದಾಗಿನಿಂದ ನಮ್ಮ ಮನೆಯ ಅಡುಗೆ ಅವರದೇ. ಅವರು ಮನೆಯಲ್ಲೇ ಕೂತು ಗಡಿಯಾರ ರಿಪೇರಿ ಮಾಡುವವರು. ನಾನು ಕಾರ್ಖಾನೆಯೊಂದರಲ್ಲಿ ಅಗ್ನಿ ಸುರಕ್ಷತೆಯ ಅಧಿಕಾರಿ. ಅವರು ಕಾಳು ಆರಿಸುತ್ತಾರೆ, ನಾನು ಬೆಂಕಿ ಆರಿಸುತ್ತೇನೆ. ಅವರನ್ನು ಆರಿಸಿಕೊಂಡದ್ದೂ ನಾನೇ ಅನ್ನಿ! ಕಾನ್ವೆಂಟಿನ ಸಿಸ್ಟರುಗಳು ನನಗೆ ಚಮಚ ಹಿಡಿಯುವುದನ್ನು ಗದರಿಸಿ ಕಲಿಸಿದ್ದರು. ಸೌಟು ಹಿಡಿಯುವುದು ಸಿಲಬಸ್ಸಿನಲ್ಲೇ ಇರಲಿಲ್ಲ.

"ನಿಜವಾಗ್ಲೂನಾ?" ಎಂದರು ಯಜಮಾನರು. ಆ ದನಿಯಲ್ಲಿ ಎಂಥ ಆಸೆ! "ದೊಡ್ಡ ಊಟ ಏನೂ ಬೇಡ ಕಣೇ. ನಾನು ಮಾಡದೇ ಇರೋದು, ಬಿಸಿಬಿಸಿಯಾಗಿ, ನಾನು ಕೂತಲ್ಲಿಗೆ ಬರ್ಬೇಕು. ಒಂದೇ ಒಂದು ಸಲ."

ಆ 'ಒಂದೇ ಒಂದು ಸಲ' ನನ್ನ ಎದೆಗೆ ನಾಟಿತು. ಇನ್ನು ಹಿಂದೆಗೆಯುವ ಮಾತೇ ಇಲ್ಲ!

"ತುಂಬಾ ಸುಲಭ ರೀ, ಫೋನಲ್ಲಿ ಓದಿದೀನಿ. ಆಲೂಗೆಡ್ಡೆ ಫಾಯಿಲ್ಲಿನಲ್ಲಿ ಸುತ್ತಿ ಕೆಂಡದಲ್ಲಿ ಹೂತರೆ ಆಯ್ತು. ಮುಸುಕಿನ ಜೋಳ ಮುಸುಕಿನ ಸಮೇತ ಸುಟ್ಟರೆ ಆಯ್ತು. ಬ್ರೆಡ್ಡನ್ನ ಕಡ್ಡಿಗೆ ಚುಚ್ಚಿ ಉರಿಗೆ ತೋರಿಸಿದರೆ ಆಯ್ತು. ಬಾಳೆಹಣ್ಣು ಸೀಳಿ ಚಾಕೊಲೇಟ್ ತುರುಕಿದರೆ ಆಯ್ತು!"

"ಇಷ್ಟೊಂದು ಸಲ 'ಆಯ್ತು' ಅಂದ್ರೆ ನಂಗೆ ಭಯ ಆಗುತ್ತಮ್ಮಾ," ಎಂದರು ಮೂಲೆಯಲ್ಲಿ ಕೂತಿದ್ದ ಅತ್ತೆ.

ಅತ್ತೆಯನ್ನೂ ಹೊರಡಿಸಿಕೊಂಡು ಕೆರೆ ದಂಡೆಯ ಕ್ಯಾಂಪ್ ಮೈದಾನಕ್ಕೆ ಹೋದೆವು. ಪಕ್ಕದ ಟೆಂಟಿನಲ್ಲಿ ಹುರಿಮೀಸೆಯ ಬಸ್ ಡ್ರೈವರೊಬ್ಬರ ಸಂಸಾರ. ಅವರ ಬೆಂಕಿ ಆಗಲೇ ಉರಿದು ಕೆಂಡವಾಗಿತ್ತು. ಛೆ, ಎಂಥ ಬೇಜವಾಬ್ದಾರಿ! ಸುತ್ತ ಕಲ್ಲುಕಟ್ಟೆಯಿಲ್ಲ, ಪಕ್ಕದಲ್ಲಿ ಬಕೆಟ್ಟಿಲ್ಲ!

ನಾನು ಒಣಹುಲ್ಲು ಕಿತ್ತೆ. ಕಲ್ಲು ಹೊತ್ತು ವೃತ್ತ ಮಾಡಿದೆ. ವೃತ್ತ ಮೊಟ್ಟೆಯಾಕಾರ ಅನ್ನಿಸಿ ಕೆಡವಿ ಮತ್ತೆ ಮಾಡಿದೆ. ಮರಳು ತಂದೆ, ನೀರು ತಂದೆ, ಕರವಸ್ತ್ರ ಹಾರಿಸಿ ಗಾಳಿಯ ದಿಕ್ಕು ನೋಡಿದೆ. ಕಾರ್ಖಾನೆಯಿಂದ ತಂದ ಬೋರ್ಡು ನೆಟ್ಟೆ: 'ಎಚ್ಚರಿಕೆ! ತರಬೇತಿ ಇಲ್ಲದವರು ಬೆಂಕಿಯ ಹತ್ತಿರ ಬರಕೂಡದು.' ಕೊನೆಗೆ, ನಮ್ಮ ಕಾರಿನಲ್ಲಿ ಸದಾ ಸವಾರಿ ಮಾಡುವ ಬೆಂಕಿ ಆರಿಸುವ ಸಿಲಿಂಡರನ್ನು ಬಲಗಡೆಗೆ ಪ್ರತಿಷ್ಠಾಪಿಸಿದೆ. ಮನೆಯಲ್ಲಿ ಅದಕ್ಕೆ 'ಕೆಂಪಣ್ಣ' ಎಂದೇ ಹೆಸರು.

ಯಜಮಾನರು ಕೈಗಡಿಯಾರ ನೋಡಿದರು. ಆಮೇಲೆ ಅದನ್ನು ಕಿವಿಗಿಟ್ಟು, ನಡೆಯುತ್ತಿದೆಯೇ ಎಂದು ಕೇಳಿಸಿಕೊಂಡರು.

"ಅಡುಗೆ ಮಾಡ್ತಿದೀಯೋ, ವಿಮಾನ ಇಳಿಸ್ತಿದೀಯೋ?" ಎಂದ ಅತ್ತೆ, ಕೈಚೀಲ ಎತ್ತಿಕೊಂಡು, "ಸ್ವಲ್ಪ ಅಡ್ಡಾಡಿ ಬರ್ತೀನಿ," ಎಂದು ಎದ್ದು ಹೋದರು.

ಸೂರ್ಯ ಇಳಿಯುವ ಹೊತ್ತಿಗೆ ನಾನು ಕಡ್ಡಿ ಗೀರಿದೆ. ಬೆಂಕಿ ಹೊತ್ತಿತು.

ಅಯ್ಯೋ, ಏನು ಹೇಳಲಿ! ಇಷ್ಟು ವರ್ಷ ಬೆಂಕಿಯನ್ನು ಕಂಡಕಂಡಲ್ಲಿ ಕೊಂದವಳು ನಾನು; ಒಂದು ದಿನವಾದರೂ ಅದರ ಮುಖ ನೋಡಿದ್ದೆನೆ? ಬುಡದಲ್ಲಿ ನೀಲಿ, ನಡುವೆ ಕಿತ್ತಳೆ, ತುದಿಯಲ್ಲಿ ಹೆಸರೇ ಇಲ್ಲದ ಬಣ್ಣ. ಕಟ್ಟಿಗೆಯೊಳಗೆ ಯಾರೋ ಪಿಸುಗುಟ್ಟುತ್ತಿದ್ದರು. ಕಿಡಿಗಳು ಮೇಲೇರಿ, ಆಗತಾನೇ ಕಣ್ಣು ಬಿಡುತ್ತಿದ್ದ ನಕ್ಷತ್ರಗಳ ಸಾಲಿಗೆ ಸೇರಿಕೊಂಡವು. ಯಾವುದು ಕಿಡಿ, ಯಾವುದು ಚುಕ್ಕಿ, ದೇವರಿಗೇ ಗೊತ್ತು!

"ರೀ... ಇದು ಉಸಿರಾಡುತ್ತೆ!"

"ನಾನೂ ಆಡ್ತಿದೀನಿ, ಸದ್ಯಕ್ಕೆ. ಜೋಳ ಹಾಕೇ ತಾಯಿ."

ಬಾಯಿ ತೆರೆದುಕೊಂಡೇ ಜೋಳ ಇಟ್ಟೆ. ಪಕ್ಕದ ಕಲ್ಲಿನ ಮೇಲೆ ಬ್ರೆಡ್ಡು, ಬಾಳೆಹಣ್ಣು ಸಿದ್ಧವಾಗಿದ್ದವು. ಮುಸುಕನ್ನು ಮೊದಲು ನೀರಲ್ಲಿ ನೆನೆಸಬೇಕಂತೆ! ಫೋನಿನಲ್ಲಿ ಆ ಸಾಲಿಗೆ ಬರುವ ಮೊದಲೇ ನನಗೆ ಎಲ್ಲ ಸುಲಭವಾಗಿಬಿಟ್ಟಿತ್ತು. ಒಣ ಮುಸುಕು 'ಭಗ್' ಎಂದು ಆಳೆತ್ತರ ಉರಿಯಿತು.

ಆಮೇಲೆ ನಡೆದದ್ದಕ್ಕೆ ನಾನು ಹೊಣೆಯಲ್ಲ, ನನ್ನ ಕೈ ಹೊಣೆ. ವಾರವಾರವೂ ಕಾರ್ಮಿಕರಿಗೆ ಪಾಠ ಹೇಳುವ ಕೈ ಅದು! ಪಿನ್ನು ಎಳೆ, ಬುಡಕ್ಕೆ ಗುರಿಯಿಡು, ಒತ್ತು, ಬೀಸು!

ಕೆಂಪಣ್ಣ ಘರ್ಜಿಸಿದ.

ಅವನು ಉಗುಳಿದ ಪುಡಿಯ ಮೋಡ ಇಳಿದಾಗ ಲೋಕವೆಲ್ಲ ಬಿಳಿ. ಜೋಳ ಬಿಳಿ, ಬ್ರೆಡ್ಡು ಬಿಳಿ, ಬಾಳೆಹಣ್ಣು ಬಿಳಿ. ನಡುವೆ ಯಜಮಾನರು, ಉದ್ಘಾಟನೆಗೆ ಕಾದಿರುವ ಅಮೃತಶಿಲೆಯ ಪ್ರತಿಮೆ! ಸುತ್ತಲ ಟೆಂಟಿನವರು ಎದ್ದು ನಿಂತು ಚಪ್ಪಾಳೆ ತಟ್ಟಿದರು.

"ಬೆಂಕಿ ಸಂಪೂರ್ಣ ಹತೋಟಿಗೆ ಬಂದಿದೆ!" ಎಂದು ಅಭ್ಯಾಸಬಲದಿಂದ ಘೋಷಿಸಿದೆ.

"ಊಟಾನೂ," ಎಂದಿತು ಪ್ರತಿಮೆ. ಮೆಲ್ಲಗೆ ಗಡಿಯಾರದ ಗಾಜು ಒರೆಸಿಕೊಂಡು ಹೇಳಿತು: "ಹೋಗ್ಲಿ ಬಿಡೇ. ಮನೆಗೆ ಹೋಗಿ ನಾನೇ ಏನಾದ್ರೂ ಮಾಡ್ತೀನಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಈ ಮಾತಿಗೆ ಕಣ್ಣು ತುಂಬಿತು. ತಪ್ಪನ್ನು ಪುಡಿಯ ಮೇಲೆ ಹಾಕಿ ತಪ್ಪಿಸಿಕೊಂಡೆ.

ಆಗ ಕತ್ತಲಿನಿಂದ ಅತ್ತೆ ಬಂದರು. ಕೈಯಲ್ಲಿ ಟವೆಲಿನ ಗಂಟು, ಗಂಟಿನಿಂದ ಹಬೆ!

"ನಿನ್ನ ಬೋರ್ಡು ಓದಿದಾಗ್ಲೇ ಗೊತ್ತಾಯ್ತು, ಇಲ್ಲಿ ಏನೂ ಬೇಯಲ್ಲ ಅಂತ. ಆಲೂಗೆಡ್ಡೆ ತಗೊಂಡೋಗಿ ಆ ಮೀಸೆಯವರ ಕೆಂಡದಲ್ಲಿ ಹೂತಿದ್ದೆ. ಎಲ್ಲಾ ಬೆಂಕಿ ಆರಿಸ್ತೀಯ, ಗಂಡನ ಹೊಟ್ಟೆ ಬೆಂಕಿ ಒಂದು ಬಿಟ್ಟು!"

ಮಸಿ ಹಿಡಿದ ಬೆಳ್ಳಿ ಉಂಡೆಯನ್ನು ಅತ್ತೆ ಬಿಡಿಸಿದರು. ಸಿಪ್ಪೆ ಗರಿಗರಿ, ಒಳಗೆ ಬೆಣ್ಣೆಯಂಥ ಹಳದಿ, ಅದರಿಂದ ಎದ್ದ ಆ ಪರಿಮಳ! ಇಷ್ಟನ್ನು ಮಾಡಿದ್ದು ಬರೀ ಕೆಂಡ ಮತ್ತು ತಾಳ್ಮೆ. ನಾನು ಬಾಯಿ ಬಿಟ್ಟುಕೊಂಡು ನೋಡಿದೆ.

"ಬಾಯಿ ಮುಚ್ಚು, ನೀನೂ ಏನಾದ್ರೂ ಮಾಡು," ಎಂದು ಅತ್ತೆ ಉಪ್ಪಿನ ಡಬ್ಬಿ ಕೊಟ್ಟರು. ಉಪ್ಪು ಉದುರಿಸಿ, ಯಜಮಾನರು ಕೂತಲ್ಲಿಗೇ ಒಯ್ದು ಕೊಟ್ಟೆ. ಯಜಮಾನರು ಕಣ್ಣು ಮುಚ್ಚಿ ತಿಂದರು.

"ಹೇಗಿದೆ ರೀ?"

"ಅಮ್ಮನ ಆಲೂಗೆಡ್ಡೆ ಅಮೃತ. ನಿನ್ನ ಉಪ್ಪು ಸ್ವಲ್ಪ ಜಾಸ್ತಿ."

ಕೆಂಡದ ಗುಟ್ಟು ಕಂಡ ಮೇಲೆ ಸುಮ್ಮನಿರಲಾದೀತೆ? ಮರುದಿನ ಬೆಳಗ್ಗೆ ತೋಳೇರಿಸಿ ಅಡುಗೆಮನೆಗೆ ಧಾವಿಸಿದೆ. ಬಾಗಿಲಲ್ಲಿ ಗಕ್ಕನೆ ನಿಂತೆ. ಅಲ್ಲಿ ನೇತಾಡುತ್ತಿತ್ತು, ನನ್ನದೇ ಬೋರ್ಡು: 'ಎಚ್ಚರಿಕೆ! ತರಬೇತಿ ಇಲ್ಲದವರು ಬೆಂಕಿಯ ಹತ್ತಿರ ಬರಕೂಡದು.'

ಒಳಗಿನಿಂದ ಯಜಮಾನರ ದನಿ ಬಂತು: "ಓದೋಕೆ ಬರುತ್ತಲ್ಲ? ಕಾನ್ವೆಂಟಲ್ಲಿ ಕಲಿತವಳು!"