ಪ್ರತಿ ಜನವರಿಯ ನನ್ನ ಭಕ್ತಿ

ನಮ್ಮ ಚರ್ಚಿನ ಡಿಸೆಂಬರ್ ಕೊನೆಯ ಪೂಜೆಯಲ್ಲಿ ಮೊಣಕಾಲೂರಿ ನಾನು ದೇವರಿಗೆ ಒಂದು ಮಾತು ಕೊಡುತ್ತೇನೆ. ಜನವರಿ ಮುಗಿಯುವುದರೊಳಗೆ ಆ ಮಾತು ಎಲ್ಲಾದರೂ ಜಾರಿ ಬೀಳುತ್ತದೆ, ಬೀಳುವಾಗ ಯಾರಾದರೊಬ್ಬರು ನೋಡಿಯೂ ಬಿಡುತ್ತಾರೆ. ಪೆರ್ಲದ ಹತ್ತಿರ ಎಲ್.ಪಿ. ಶಾಲೆಯಲ್ಲಿ ಚಿಕ್ಕ ಮಕ್ಕಳ ಟೀಚರಾಗಿದ್ದಷ್ಟು ಕಾಲ ಇದು ತಪ್ಪಲಿಲ್ಲ. ಗಂಡ ಕುವೈತಿನಲ್ಲಿ, ಮನೆಯಲ್ಲಿ ನಾನು ಮತ್ತು ಅತ್ತೆ. ಸಂಜೆಯಾದರೆ ಮನೆ ಖಾಲಿ ಖಾಲಿ. ದೇವರಾದರೂ ಸ್ವಲ್ಪ ಹತ್ತಿರ ಬಂದು ಕೂತಾನು ಎಂಬ ಆಸೆ ನನ್ನದು.

ಬೈಬಲ್ ಓದು

ಒಂದೇ ವರ್ಷದಲ್ಲಿ ಇಡೀ ಬೈಬಲ್ ಓದಿ ಮುಗಿಸುತ್ತೇನೆಂದು ಹೊರಟೆ. ಆದಿಕಾಂಡ ಕಥೆಯ ಹಾಗೆ ಓಡಿತು. ಮೂರನೇ ಪುಸ್ತಕ ಯಾಜಕಕಾಂಡದ ಬಲಿಯ ನಿಯಮಗಳಿಗೆ ಮುಟ್ಟುವಾಗ ಗಾಡಿ ನಿಂತಿತು. ಮುಂದಿನ ಜನವರಿಯಲ್ಲಿ ಪುನಃ ಆದಿಕಾಂಡ. ಅದರ ಮುಂದಿನ ಜನವರಿಯಲ್ಲೂ ಅದೇ.

ಐದನೇ ವರ್ಷ ಇಗರ್ಜಿಯಲ್ಲಿ ಬೈಬಲ್ ಕ್ವಿಜ್ ಇತ್ತು. ನೋಹನ ನಾವೆ ಎಷ್ಟು ಮೊಳ ಉದ್ದ, ಯಾಕೋಬನಿಗೆ ಮಕ್ಕಳೆಷ್ಟು, ಎಲ್ಲದಕ್ಕೂ ಮೊದಲು ಎದ್ದದ್ದು ನನ್ನ ಕೈ. ಆಮೇಲೆ ಫಾದರ್ ಯೇಸುವಿನ ಕಥೆ ಇರುವ ಸುವಾರ್ತೆಗಳಿಗೆ ಬಂದರು. ನಾನು ಕೈ ಮಡಚಿ ಕೂತೆ. ನಾಲ್ಕು ಪ್ರಶ್ನೆ ಕಳೆದ ಮೇಲೆ ಅವರು ನನ್ನನ್ನೇ ನೋಡಿ ಕೇಳಿದರು:

"ಎಂತ ಟೀಚರೇ, ನಿಮ್ಮ ಮನೆಯಲ್ಲಿ ಯೇಸು ಇನ್ನೂ ಹುಟ್ಟಲೇ ಇಲ್ವಾ?"

ನಾಲಿಗೆಯ ಉಪವಾಸ

ಇನ್ನೊಂದು ವರ್ಷ, ಯಾರ ದೂರನ್ನೂ ಹೇಳಬಾರದು, ಕೇಳಬಾರದು ಎಂದು ನಿಶ್ಚಯಿಸಿದೆ. ಬೇಲಿಯಾಚೆ ಭಟ್ಟರ ಮನೆಯ ಅಕ್ಕನಿಗೆ ಮೊದಲೇ ತಿಳಿಸಿದೆ. ನಮ್ಮಿಬ್ಬರ ಮಾತಿನ ಜಾಗ ಆ ಬೇಲಿಯೇ.

"ಒಳ್ಳೆಯದಾಯಿತು ಟೀಚರೇ, ನಾನೂ ಸೇರಿಕೊಳ್ಳುತ್ತೇನೆ" ಎಂದರು ಅಕ್ಕ.

ಮರುದಿನ ಇಬ್ಬರೂ ಬೇಲಿಯ ಹತ್ತಿರ ಬಂದೆವು.

"ಮತ್ತೆಂತ ವಿಶೇಷ?"

"ಎಂತದೂ ಇಲ್ಲ."

ಮೂರು ದಿನ ಹೀಗೆಯೇ ಹೋಯಿತು. ಇಷ್ಟು ವರ್ಷ ನಾವು ಮಾತಾಡಿದ್ದೆಲ್ಲ ಎಂತದೆಂದು ನನಗೆ ಆಗ ಗೊತ್ತಾಯಿತು. ನಾಲ್ಕನೇ ದಿನ ಅಕ್ಕನಿಗೆ ತಡೆಯಲಿಕ್ಕಾಗಲಿಲ್ಲ.

"ಟೀಚರೇ, ಒಬ್ಬರ ಬಗ್ಗೆ ಒಳ್ಳೆಯದು ಹೇಳಿದರೆ ತೊಂದರೆ ಇಲ್ಲವಲ್ಲ?"

"ತೊಂದರೆ ಇಲ್ಲ."

"ಹಾಗಾದರೆ ಹೇಳುತ್ತೇನೆ. ನಿಮ್ಮ ಅತ್ತೆಗೆ ಈ ಪ್ರಾಯದಲ್ಲೂ ಕಿವಿ ಎಷ್ಟು ಚುರುಕು ಮಾರಾಯ್ರೆ! ನಾವು ಬಂದ ಕೂಡಲೇ ಬಾಗಿಲ ಹಿಂದೆ ಬಂದು ನಿಲ್ಲುತ್ತಾರೆ."

ಬಾಗಿಲ ಹಿಂದಿನಿಂದ ಅತ್ತೆಯ ಸ್ವರ ಬಂತು: "ನಾನು ಎಂತದೂ ಕೇಳಲಿಲ್ಲ!"

ಪಾಪನಿವೇದನೆ

ನಾಲಿಗೆಯ ಉಪವಾಸ ಮುರಿದದ್ದನ್ನು ಪಾಪನಿವೇದನೆಯಲ್ಲಿ ಹೇಳಿಕೊಂಡೆ. ಹೇಳುತ್ತಾ ಹೇಳುತ್ತಾ ಅಳು ಬಂತು. "ಫಾದರ್, ನನ್ನಿಂದ ಒಂದೂ ಉಳಿಯುವುದಿಲ್ಲ. ಮುಂದಿನ ಜನವರಿ ಒಂದರಿಂದ ಸರಿಯಾಗಿ ಶುರು ಮಾಡುತ್ತೇನೆ."

"ನಾಳೆ ಯಾವ ವಾರ?"

"ಮಂಗಳವಾರ."

"ಮಂಗಳವಾರ ದೇವರಿಗೆ ರಜೆಯಾ? ನಾಳೆಯೇ ಶುರು ಮಾಡಿ. ನೀವು ತಪ್ಪಿಲ್ಲದೆ ನಡೆದ ಮೇಲೆಯೇ ಆತ ಪ್ರೀತಿಸುವುದು ಅಂತ ನಿಮಗೆ ಯಾರು ಹೇಳಿದ್ದು? ವರಪ್ರಸಾದ ಅಂದರೆ ಪರೀಕ್ಷೆಯಲ್ಲಿ ಪಾಸಾದವರಿಗೆ ಕೊಡುವ ಬಹುಮಾನ ಅಲ್ಲ."

ಮನಸ್ಸು ಎಷ್ಟೋ ಹಗುರಾಯಿತು. ಪ್ರಾಯಶ್ಚಿತ್ತಕ್ಕೆ ಒಂದೇ ಒಂದು 'ನಮೋ ಮರಿಯಾ' ಜಪ ಕೊಟ್ಟರು.

"ಇಷ್ಟೇ ಸಾಕಾ ಫಾದರ್?"

"ಸಾಕು. ಹೆಚ್ಚು ಕೊಟ್ಟರೆ ನೀವು ಅದನ್ನೂ ಜನವರಿಗೆ ಇಟ್ಟುಕೊಳ್ಳುತ್ತೀರಿ."

ಫೋನಿನ ತೇರ್ಸ್

ಜಪಸರಕ್ಕೆ ನಾವು ಕೊಂಕಣಿಯಲ್ಲಿ ತೇರ್ಸ್ ಅನ್ನುತ್ತೇವೆ. ಅದರಲ್ಲಿ ಪ್ರತಿ ಪ್ರಾರ್ಥನೆಯ ಅರ್ಧ ಒಬ್ಬರು ಹೇಳಿದರೆ ಉಳಿದರ್ಧ ಮತ್ತೊಬ್ಬರು ಹೇಳಬೇಕು. ಮದುವೆಯಾಗಿ ಹನ್ನೊಂದು ವರ್ಷವಾಗಿತ್ತು. ನಾನೂ ಗಂಡನೂ ಒಟ್ಟಿಗೆ ಕೂತು ಹೇಳಿದ್ದು ಅವರು ರಜೆಗೆ ಬಂದ ದಿನಗಳಲ್ಲಿ ಮಾತ್ರ. ಉಳಿದ ದಿನಗಳಲ್ಲಿ ಅವರ ಅರ್ಧವನ್ನೂ ನಾನೇ ಹೇಳುತ್ತಿದ್ದೆ, ಅಲ್ಲಿಗೆ ಬರುವಾಗ ನನ್ನ ಸ್ವರ ಸಣ್ಣದಾಗುತ್ತಿತ್ತು.

ಫೋನಿನಲ್ಲಿ ಮುಖ ಕಾಣದ ಕಾಲ ಅದು. ಆ ವರ್ಷ ನಮ್ಮ ನಿರ್ಧಾರ, ದಿನಾ ಸಂಜೆ ಏಳಕ್ಕೆ ಫೋನಿನಲ್ಲೇ ತೇರ್ಸ್. ಅಲ್ಲಿ ಆಗ ನಾಲ್ಕೂವರೆ, ಅವರು ವರ್ಕ್‌ಶಾಪಿನ ಕೆಲಸ ಮುಗಿಸಿ ರೂಮಿಗೆ ಬಂದಿರುತ್ತಿದ್ದರು. ಮೊಬೈಲನ್ನು ಸ್ಪೀಕರಿಗೆ ಹಾಕಿ ಅಲ್ತಾರಿನ ದೇವರ ಪಟದ ಮುಂದೆ ಇಟ್ಟೆ. ಅವರ ಉತ್ತರ ಒಮ್ಮೆ ತಡವಾಗಿ ಬರುತ್ತಿತ್ತು, ಒಮ್ಮೆ ನನ್ನ ಮಾತಿನ ಮೇಲೆಯೇ ಬಂದು ಬೀಳುತ್ತಿತ್ತು.

"ಮಗಾ, ಮರಿಯಾ ಮಾತೆಗೆ ಉಸಿರು ಬಿಡಲಿಕ್ಕಾದರೂ ಬಿಡು" ಎಂದು ಅತ್ತೆ ಫೋನನ್ನೇ ಗದರುತ್ತಿದ್ದರು.

ನಾಲ್ಕನೇ ದಿನ, ಹತ್ತು ಹತ್ತು ಪ್ರಾರ್ಥನೆಯ ಐದು ರಹಸ್ಯಗಳಲ್ಲಿ ಮೂರನೆಯದರಲ್ಲಿ ನನ್ನ ಅರ್ಧ ಹೇಳಿ ಕಾದೆ. ಉತ್ತರ ಬರಲಿಲ್ಲ. ಗೊರಕೆ ಬಂತು.

ಮದುವೆಯಾದ ಹೊಸತರಲ್ಲಿ ಇದೇ ಗೊರಕೆಗೆ ನಾನು ಅವರನ್ನು ಚಾವಡಿಗೆ ಓಡಿಸಿದ್ದೆ. ಈಗ ಎಬ್ಬಿಸಲು ಬಾಯಿ ಬರಲಿಲ್ಲ. ಫೋನನ್ನು ತೆಗೆದು ಮಡಿಲಲ್ಲಿ ಇಟ್ಟುಕೊಂಡೆ. ಒಂದೊಂದು ಪ್ರಾರ್ಥನೆಯ ಅರ್ಧ ಹೇಳಿ, ಆ ಗೊರಕೆಗೆ ಜಾಗ ಬಿಟ್ಟು, ಮುಂದೆ ಹೋದೆ. ಪಕ್ಕದಲ್ಲೇ ಮಲಗಿದ್ದಾರೆ ಅನಿಸಿತು. ದೇವರೂ ಅಲ್ಲೇ ಎಲ್ಲೋ ಕೂತಿದ್ದಾನೆ ಅನಿಸಿತು. ಐದೂ ರಹಸ್ಯ ಮುಗಿದವು, ಕೊನೆಗೆ ಹೇಳುವ ಸ್ತುತಿಮಾಲೆ ಲದಿನ್ ಮುಗಿಯಿತು. ನಾನು ಫೋನ್ ಇಡಲಿಲ್ಲ. ಅತ್ತೆ ನನ್ನನ್ನು ನೋಡಿದರು, ಫೋನನ್ನು ನೋಡಿದರು.

ಸ್ವಲ್ಪ ಹೊತ್ತಿಗೆ ಆಚೆಯಿಂದ ಗಡಬಡಿಸಿ ಎದ್ದ ಸದ್ದು. "ಸಂತ ಮರಿಯೇ, ದೇವರ ಮಾತೆಯೇ... ಹೇ, ಎಲ್ಲಿಗೆ ಮುಟ್ಟಿತು?"

"ಮುಗಿಯಿತು" ಎಂದೆ.

"ಅಯ್ಯೋ! ನನ್ನ ಉತ್ತರ ನಿಮಗೆ ಕೇಳಲೇ ಇಲ್ವಾ?"

ಅತ್ತೆ ಫೋನಿಗೆ ಬಗ್ಗಿ ಹೇಳಿದರು:

"ಚೆನ್ನಾಗಿ ಕೇಳಿತು ಮಗಾ. ನಾಳೆಯೂ ಹಾಗೆಯೇ ಹೇಳು. ನಿನ್ನ ಹೆಂಡತಿ ಇಷ್ಟು ಭಕ್ತಿಯಲ್ಲಿ ತೇರ್ಸ್ ಹೇಳಿದ್ದನ್ನು ನಾನು ಇವತ್ತೇ ನೋಡಿದ್ದು!"